ಮಗು ಈಗಲೋ, ಆಮೇಲೋ? ಗಂಡ ಹೆಂಡತಿ ಕೂತು ಹಾಕಬೇಕಾದ ಲೆಕ್ಕ

ಮದುವೆಯಾಗಿ ಒಂದು ಮಳೆಗಾಲ ಕಳೆದರೆ ಸಾಕು, ನಮ್ಮ ಕಡೆ ಯಾರ ಮನೆ ಕಾರ್ಯಕ್ಕೆ ಹೋದರೂ ಪ್ರಶ್ನೆ ಶುರು. "ಎಂತ ಮಾರಾಯ್ತಿ, ವಿಶೇಷ ಎಂತದೂ ಇಲ್ವಾ?" ಕೇಳಿದವರು ಪಾಯಸ ಉಂಡು, ಕವಳ ಹಾಕಿ, ಬಸ್ ಹತ್ತಿ ಹೋಗ್ತಾರೆ. ಆ ಮಾತನ್ನ ತಲೇಲಿ ಹೊತ್ಕೊಂಡು ಮನೆಗೆ ಬರೋದು ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸಿನ ಹುಡುಗಿ.

ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳೀಲಿ ಆಶಾ ಕಾರ್ಯಕರ್ತೆ. ಇಂಥ ಹುಡುಗೀರು ಮಾತ್ರೆ ಕೇಳೋ ನೆಪ ಮಾಡಿಕೊಂಡು ಬರ್ತಾರೆ. ಜಗಲಿ ಮೇಲೆ ಕೂತು, ಚಾ ಕುಡಿದು, ಎದ್ದು ಹೊರಟ ಮೇಲೆ ಅಂಗಳದಲ್ಲಿ ನಿಂತು ಕೇಳ್ತಾರೆ: "ಅಕ್ಕಾ, ನಮಗೆ ಈಗಲೇ ಮಗು ಬೇಕಾ?" ಹೌದು ಅಥವಾ ಬೇಡ ಅಂತ ನಾನು ಹೇಳಲ್ಲ. ವಾಪಸ್ ಕೂರಿಸಿ, ನಾನೇ ಒಂದಷ್ಟು ಪ್ರಶ್ನೆ ಕೇಳ್ತೀನಿ. ಆ ಪ್ರಶ್ನೆಗಳನ್ನೇ ಇಲ್ಲಿ ಬರೀತಿದೀನಿ. ಗಂಡನೂ ಪಕ್ಕದಲ್ಲಿ ಕೂತು ಓದಬೇಕು. ಅವನಿಲ್ಲದೆ ಓದೋದಾದ್ರೆ ಅರ್ಧ ಮಾತ್ರ ಪ್ರಯೋಜನ.

"ಮನಸ್ಸು ತಯಾರಿದೆಯಾ" ಅಂತ ಕೇಳಿಕೊಳ್ತಾ ಕೂತರೆ ಉತ್ತರ ಸಿಗಲ್ಲ. ಮನಸ್ಸು ಬೆಳಿಗ್ಗೆ ಒಂದು ಹೇಳುತ್ತೆ, ಅಕ್ಕನ ಮಗುವನ್ನ ಎತ್ತಿಕೊಂಡ ಸಂಜೆ ಇನ್ನೊಂದು ಹೇಳುತ್ತೆ. ನಾನು ಕೇಳೋದು ಜನರ ಹೆಸರು. ರಾತ್ರಿ ಗಾಡಿ ತರೋರು ಯಾರು, ಬಾಣಂತನ ಮಾಡೋರು ಯಾರು, ದುಡ್ಡು ಯಾರ ಕೈಲಿದೆ, ದೊಡ್ಡವರ ಹತ್ರ ಮಾತಾಡೋರು ಯಾರು. ಇದಕ್ಕೆಲ್ಲ "ಯಾರಾದ್ರೂ ಇರ್ತಾರೆ ಬಿಡಿ" ಅಂತ ಉತ್ತರ ಬಂದ್ರೆ ಇನ್ನೂ ಸ್ವಲ್ಪ ಕಾಯಿರಿ ಅಂತೀನಿ. ಹೆಸರು ಹಿಡಿದು ಹೇಳಿದ್ರೆ ವಯಸ್ಸು ಸಣ್ಣದಾದ್ರೂ ನನಗೆ ಧೈರ್ಯ ಬರುತ್ತೆ.

ಸಣ್ಣ ವಯಸ್ಸು ಅಂದೆ. ಎಷ್ಟು ಸಣ್ಣದು ಅಂತ ಮೊದಲು ಹೇಳಿಬಿಡ್ತೀನಿ. ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಮದುವೆಯೇ ಇಲ್ಲ. ಅದು ಕಾನೂನು, ಅದರಲ್ಲಿ ಚರ್ಚೆ ಇಲ್ಲ. ಆದರೆ 18 ತುಂಬಿದ ಮಾತ್ರಕ್ಕೆ ಮೈ ಹೆರಿಗೆಗೆ ಸಿದ್ಧ ಅಂತಲೂ ಅಲ್ಲ. ಇಪ್ಪತ್ತರ ಒಳಗೆ ಬಸುರಾದವರಲ್ಲಿ ರಕ್ತಹೀನತೆ, ಬಿಪಿ ಏರೋದು, ದಿನ ತುಂಬುವ ಮೊದಲೇ ಹೆರಿಗೆ, ಕಡಿಮೆ ತೂಕದ ಮಗು, ಇವೆಲ್ಲ ಹೆಚ್ಚು. ಇಪ್ಪತ್ತು ದಾಟಿಸಿಕೊಳ್ಳಿ ಅಂತ ನಾವು ಮನೆಮನೇಲಿ ಹೇಳೋದು ಅದಕ್ಕೇ. ಇನ್ನೊಂದು ಕಡೆ, "ತಡ ಮಾಡಿದ್ರೆ ಆಮೇಲೆ ಆಗೋದೇ ಇಲ್ಲ" ಅಂತ ಹೆದರಿಸೋರಿದ್ದಾರಲ್ಲ, ಅವರ ಮಾತಿಗೂ ಕಿವಿ ಕೊಡಬೇಡಿ. ಇಪ್ಪತ್ತೆರಡರ ಹುಡುಗಿ ಇಪ್ಪತ್ತಾರರವರೆಗೆ ಕಾದರೆ ಗರ್ಭ ನಿಲ್ಲುವ ಸಾಧ್ಯತೆಯಲ್ಲಿ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಆಗಲ್ಲ. ಅದು ಎದ್ದು ಕಾಣುವಷ್ಟು ಇಳಿಯೋದು ಮೂವತ್ತೈದರ ಆಚೆ. ನಿಮ್ಮ ಹತ್ರ ಟೈಮಿದೆ.

ಯಾರಿಗೋಸ್ಕರ?

ಇಬ್ಬರೂ ಬೇರೆ ಬೇರೆ ಹಾಳೆ ತಗೊಳ್ಳಿ. "ಈಗ ಮಗು ಬೇಕು, ಯಾಕಂದ್ರೆ..." ಅಂತ ಬರೆದು ವಾಕ್ಯ ಮುಗಿಸಿ. ಒಬ್ಬರದ್ದು ಒಬ್ಬರು ನೋಡದೆ ಬರೀರಿ, ಆಮೇಲೆ ಅದಲುಬದಲು ಮಾಡಿಕೊಳ್ಳಿ. ಮಾತಲ್ಲಿ ಆಗದೇ ಇರೋದು ಬರವಣಿಗೇಲಿ ಆಗುತ್ತೆ. ಅತ್ತೆ ಮನೇಲಿ ಬಾಯಿಬಿಟ್ಟು ಮಾತಾಡೋಕೆ ಜಾಗವೇ ಇರಲ್ಲ, ಪಕ್ಕದ ಕೋಣೆಗೂ ನಿಮ್ಮ ಕೋಣೆಗೂ ನಡುವೆ ಬರೀ ಹಲಗೆ ಗೋಡೆ.

ಹಾಳೇಲಿ ಏನಿದ್ರೆ ನಿಲ್ಲಬೇಕು? "ಅಜ್ಜಿ ಕಣ್ಣು ಮುಚ್ಚೋದ್ರೊಳಗೆ ಮೊಮ್ಮಗು ನೋಡಬೇಕಂತೆ." "ಓರಗಿತ್ತಿಗೆ ಆಗಲೇ ಆಯ್ತು." "ಮಗು ಆದ್ರೆ ನಮ್ಮ ಜಗಳ ನಿಲ್ಲುತ್ತೆ." ಕೊನೇದು, ನಾನು ಜಾಸ್ತಿ ಕೇಳೋದು: "ಮಗು ಆದ್ರೆ ಇವರು ಕುಡಿಯೋದು ಬಿಡ್ತಾರೆ." ತಂಗೀ, ಮಗು ಆದ ಸಂತೋಷಕ್ಕೆ ಕುಡಿದವರನ್ನ ಬೇಕಾದಷ್ಟು ಕಂಡಿದ್ದೀನಿ. ಮಗು ಆಗಿದ್ದಕ್ಕೆ ಬಿಟ್ಟವರನ್ನ ನಮ್ಮ ಊರಲ್ಲಂತೂ ಕಾಣೆ. ಕುಡಿತದ ಚಿಕಿತ್ಸೆ ಬೇರೆ, ಅದಕ್ಕೆ ಡಾಕ್ಟ್ರೂ ಬೇರೆ. ಅದು ಮೊದಲು ಆಗಲಿ. ಗಂಡ ಕೈ ಎತ್ತೋನಾದ್ರೆ ಅಂತೂ ಈ ಲೇಖನದ ಉಳಿದ ಲೆಕ್ಕ ಯಾವುದೂ ಬೇಡ, ಉತ್ತರ ಅಲ್ಲೇ ಇದೆ. ಬಸುರಲ್ಲಿ ಹೊಡೆತ ನಿಲ್ಲಲ್ಲ, ಎಷ್ಟೋ ಸಲ ಹೆಚ್ಚಾಗುತ್ತೆ. 181ಕ್ಕೆ ಫೋನ್ ಮಾಡಿ, ಅದು ಮಹಿಳಾ ಸಹಾಯವಾಣಿ.

"ನಮಗೆ ಮಕ್ಕಳಂದ್ರೆ ಇಷ್ಟ" ಅಂತ ಇಬ್ಬರ ಹಾಳೇಲೂ ಇದ್ರೆ ಒಳ್ಳೇದೇ. ಒಬ್ಬರದ್ದರಲ್ಲಿ "ಬೇಕು", ಇನ್ನೊಬ್ಬರದ್ದರಲ್ಲಿ "ಗೊತ್ತಿಲ್ಲ" ಅಂತಿದ್ರೂ ಹೆದರಬೇಡಿ. ಗೊತ್ತಿಲ್ಲ ಅಂದವರ ಮಾತಿಗೆ ಬೆಲೆ ಕೊಟ್ಟು ಆರು ತಿಂಗಳು ಮುಂದೆ ಹಾಕಿ, ಮತ್ತೆ ಬರೀರಿ.

ಕ್ಯಾಲೆಂಡರ್ ಇಳಿಸಿ

ಗೋಡೆ ಮೇಲಿನ ಕ್ಯಾಲೆಂಡರ್ ತೆಗೆದು ಎದುರಿಗೆ ಇಟ್ಕೊಳ್ಳಿ. ಕೊನೇ ಸಲ ಮುಟ್ಟಾದ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದ್ರೆ ಹೆರಿಗೆ ದಿನಾಂಕ. ಅಕ್ಟೋಬರ್ 5ಕ್ಕೆ ಮುಟ್ಟಾಗಿ ಆ ತಿಂಗಳು ಗರ್ಭ ನಿಂತರೆ ಜುಲೈ 12. ಬೆಂಗಳೂರಲ್ಲಿರೋರಿಗೆ ಜುಲೈ 12 ಒಂದು ತಾರೀಕು, ಅಷ್ಟೇ. ನಮ್ಮ ಮಲೆನಾಡಿನ ಹುಲಿಕಲ್, ಆಗುಂಬೆ, ಬಿದನೂರು ನಗರದ ಕಡೆಯವರಿಗೆ ಅದು ಬೇರೆಯೇ. ಮರ ಬಿದ್ದು ಕರೆಂಟ್ ಹೋಗಿರುತ್ತೆ, ಟವರಿಗೆ ಡೀಸೆಲ್ ಇಲ್ಲದೆ ನೆಟ್‌ವರ್ಕ್ ಸತ್ತಿರುತ್ತೆ, ಮನೆಯಿಂದ ಟಾರ್ ರಸ್ತೆಗೆ ಬರೋ ಕಾಲುಸಂಕದ ಕೆಳಗೆ ಹಳ್ಳ ಕೆಂಪಗೆ ಉಕ್ಕಿ ಹರೀತಿರುತ್ತೆ. 108ಕ್ಕೆ ಫೋನ್ ಹೋದ್ರೂ ಆಂಬುಲೆನ್ಸ್ ಬರೋದು ಸಂಕದ ಆಚೆವರೆಗೆ. ಹೆರಿಗೆಗೆ ಘಟ್ಟ ಇಳಿದು ಕುಂದಾಪುರಕ್ಕೋ ಮಣಿಪಾಲಕ್ಕೋ ಹೋಗೋ ರೂಢಿ ಇರೋರು, ಗುಡ್ಡ ಜರಿದು ಘಾಟಿ ಬಂದ್ ಆದ್ರೆ ಎಲ್ಲಿಗೆ ಅಂತ ಈಗಲೇ ಯೋಚಿಸಬೇಕು. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರು ಮಾತ್ರ 2025ರ ಜುಲೈನಲ್ಲಿ ಸೇತುವೆ ಆದ ಮೇಲೆ ಈ ಲೆಕ್ಕದಿಂದ ಅರ್ಧ ಪಾರಾದರು. ಅಲ್ಲೀವರೆಗೆ ಹೊತ್ತು ಮುಳುಗಿ ಲಾಂಚ್ ನಿಂತ ಮೇಲೆ ನೋವು ಬಂದ್ರೆ ಗಾಡೀಲಿ ಸುತ್ತು ಹಾಕದೆ ಬೇರೆ ದಾರಿ ಇರಲಿಲ್ಲ.

ಹಾಗಂತ ಮಳೆಗಾಲದಲ್ಲಿ ಹೆರಲೇಬಾರದು ಅಂತಲ್ಲ. ನಾವೆಲ್ಲ ಹುಟ್ಟಿದ್ದು ಯಾವಾಗ ಮತ್ತೆ? ಏಪ್ರಿಲ್ ಕೊನೇಲಿ ಹೆತ್ತರೆ ಆರು, ಹತ್ತು, ಹದಿನಾಲ್ಕು ವಾರದ ಚುಚ್ಚುಮದ್ದು ಮೂರೂ ಮಳೇಲೇ ಬೀಳುತ್ತೆ. ನವೆಂಬರ್, ಡಿಸೆಂಬರ್ ಅಂದ್ರೆ ಕೊಯ್ಲು, ಸುಲಿಯೋ ಆಳುಗಳಿಗೆ ಅಡುಗೆ, ಅಡಿಕೆ ಬೇಯಿಸೋದು, ಚಾಪೆ ಮೇಲೆ ಹರಗೋದು, ಮನೇಲಿ ಒಬ್ಬರಿಗೂ ಕೂರೋಕೆ ಪುರುಸೊತ್ತಿಲ್ಲ. ಡಿಸೆಂಬರ್‌ನಿಂದ ಮೇ ತನಕ ಕಾಡಂಚಿನ ಊರುಗಳಲ್ಲಿ ಮಂಗನ ಕಾಯಿಲೆ ಭಯ. ಸೊರಬದ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಕಂಡಿದ್ದು ಇವತ್ತಿಗೂ ಹೋಗಿಲ್ಲ. ಬಸುರಿ ಆ ತಿಂಗಳುಗಳಲ್ಲಿ ಒಣ ದರಗೆಲೆಗೆ, ಸೊಪ್ಪಿಗೆ ಅಂತ ಕಾಡಿಗೆ ಹೋಗೋದು ಬೇಡ. ಆ ಕೆಲಸ ಬೇರೆ ಯಾರು ಮಾಡ್ತಾರೆ? ನೋಡಿ, ಇಲ್ಲೂ ಹೆಸರು ಬೇಕು.

ಒಳ್ಳೇ ತಿಂಗಳು ಯಾವುದು ಅಂತ ಪಂಚಾಂಗ ನೋಡೋ ಲೆಕ್ಕ ಇದಲ್ಲ. ಯಾವ ತಿಂಗಳಾದ್ರೂ ಒಂದು ತೊಡಕಿದೆ, ನಿಮ್ಮ ಮನೆ ಯಾವ ತೊಡಕನ್ನ ನಿಭಾಯಿಸಬಲ್ಲದು ಅಂತ ನೋಡಿಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಬೇಡ ಅನ್ನಿಸಿದ್ರೆ ಸೆಪ್ಟೆಂಬರ್‌ನಿಂದ ಡಿಸೆಂಬರ್ ಮೊದಲ ವಾರ ಮುಗಿಯೋವರೆಗೆ ತಡೆ ಬಳಸಿ. ಮಳೆಗಾಲವೇ ಆದ್ರೂ ಸರಿ ಅಂದ್ರೆ, ದಿನ ಹತ್ತಿರ ಬಂದಾಗ ಹೊಸನಗರದಲ್ಲೋ ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಎರಡು ವಾರ ಉಳಿಯೋಕೆ ಯಾರ ಮನೆ ಇದೆ ಅಂತ ಗೊತ್ತು ಮಾಡಿಕೊಳ್ಳಿ. ಅವರನ್ನ ಈಗಲೇ ಕೇಳಿ ಒಪ್ಪಿಸಿಡಿ. ಗರ್ಭ ಅನ್ನೋದು ನಾವು ಹೇಳಿದ ತಿಂಗಳಿಗೇ ನಿಲ್ಲಲ್ಲ. ಏನೂ ತೊಂದರೆ ಇಲ್ಲದವರಿಗೂ ಒಂದು ವರ್ಷದವರೆಗೆ ಹಿಡೀಬಹುದು. ಆದ್ದರಿಂದ ಲೆಕ್ಕ ತಪ್ಪಿದ್ರೆ ಏನು ಅನ್ನೋದಕ್ಕೂ ಉತ್ತರ ಇಟ್ಕೊಂಡಿರಿ.

ಗಂಡನಿಗೆ ಒಂದು ಕೆಲಸ ಕೊಡ್ತೀನಿ. ಒಂದು ರಾತ್ರಿ, ಹೊತ್ತು ಮೀರಿದ ಮೇಲೆ, ಮನೆಯಿಂದ ಹೆರಿಗೆ ಮಾಡೋ ಆಸ್ಪತ್ರೆಗೆ ಹೋಗಿ ಬನ್ನಿ. ಎಷ್ಟು ಹೊತ್ತು ಬೇಕಾಯ್ತು, ದಾರೀಲಿ ಎಲ್ಲಿ ಫೋನ್ ಸಿಗಲ್ಲ, ಎಲ್ಲಿ ಜೀಪು ತಿರುಗಲ್ಲ ಅಂತ ಗುರುತು ಹಾಕಿ. ಅಲ್ಲಿ ರಾತ್ರಿ ಡಾಕ್ಟ್ರು ಇರ್ತಾರಾ, ಅರಿವಳಿಕೆ ಕೊಡೋರು ಇರ್ತಾರಾ, ರಕ್ತ ಸಿಗುತ್ತಾ ಅಂತ ಕೇಳಿ ಬನ್ನಿ. ತಾಲ್ಲೂಕಾಸ್ಪತ್ರೇಲಿ ಆಗದೇ ಇದ್ರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರೆದುಕೊಡ್ತಾರೆ. ಸಾಗರದಿಂದ ಅಲ್ಲಿಗೇ 70 ಕಿಲೋಮೀಟರ್ ಮೇಲಾಗುತ್ತೆ, ನಿಮ್ಮ ಊರಿಂದ ಸಾಗರಕ್ಕೆ ಎಷ್ಟಿದೆಯೋ ಅದನ್ನೂ ಸೇರಿಸಿ. ಹೋಗಿ ಬಂದ ಹುಡುಗರು ಮಾರನೇ ದಿನ ಬೇರೆ ಥರ ಮಾತಾಡ್ತಾರೆ.

ಬಾಣಂತನ ಯಾರ ತಲೆ ಮೇಲೆ?

"ಚೊಚ್ಚಲು ಅಲ್ವಾ, ಅಮ್ಮನ ಮನೇಲಿ" ಅಂತ ಎಲ್ಲರೂ ಹೇಳ್ತಾರೆ. ಅಮ್ಮನನ್ನ ಕೇಳಿದ್ದೀರಾ? ಇಪ್ಪತ್ತೊಂದರ ಹುಡುಗಿಯ ಅಮ್ಮನಿಗೆ ನಲವತ್ತೈದರ ಆಸುಪಾಸು. ಆಕೆ ಶಿವಮೊಗ್ಗದ ಗಾರ್ಮೆಂಟ್ಸ್‌ಗೆ ಬೆಳಿಗ್ಗೆ ಬಸ್ ಹತ್ತೋರಾಗಿರಬಹುದು. ತಮ್ಮನ ಪಿಯುಸಿ ನಡೀತಿರಬಹುದು. ಮಂಡಿ ನೋವಿಗೆ ದಿನಾ ಮಾತ್ರೆ ನುಂಗ್ತಿರಬಹುದು, ಮಗಳಿಗೆ ಹೇಳಿರಲ್ಲ. ಬಾಣಂತನ ಅಂದ್ರೆ ಬೆಳಗಾಗೋ ಮೊದಲು ಬಚ್ಚಲ ಒಲೆಗೆ ಬೆಂಕಿ ಹಾಕಿ ಹಂಡೆ ಕಾಯಿಸಬೇಕು, ಮಗು ಮೀಯಿಸಬೇಕು, ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕಬೇಕು, ಬೇರೆ ಅಡುಗೆ ಮಾಡಬೇಕು, ಬಟ್ಟೆ ಒಗೀಬೇಕು.

ಬಟ್ಟೆ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಯಾರೂ ಹೇಳಲ್ಲ. ಹೊಸ ಮಗು ದಿನಕ್ಕೆ ಎಂಟು ಹತ್ತು ಸಲ ಒದ್ದೆ ಮಾಡಿಕೊಳ್ಳುತ್ತೆ. ಬಿಸಿಲಿದ್ರೆ ಹಳೇ ಪಂಚೆ ಹರಿದು ಮಾಡಿದ ತುಂಡುಗಳು ಮಧ್ಯಾಹ್ನಕ್ಕೆ ಗರಿಗರಿ. ಜುಲೈನಲ್ಲಿ ಮೂರು ದಿನ ಆದ್ರೂ ಒಣಗಲ್ಲ. ಒಲೆ ಮುಂದೆ ಹಗ್ಗ ಕಟ್ಟಿ ಒಣಗಿಸಿದ್ರೆ ಹೊಗೆ ವಾಸನೆ, ಮಗು ಮೂಗು ಕಟ್ಟಿಕೊಳ್ಳುತ್ತೆ. ಇಸ್ತ್ರಿ ಹಾಕೋಣ ಅಂದ್ರೆ ಕರೆಂಟ್ ಇಲ್ಲ. ಅರೆಬರೆ ಒಣಗಿದ್ದನ್ನೇ ಕಟ್ಟಿದ್ರೆ ತೊಡೆ ಸಂದೀಲಿ ಕೆಂಪಗೆ ಗುಳ್ಳೆ. ಹಾಗಾಗಿ ತುಂಡುಗಳು ಜಾಸ್ತಿ ಬೇಕು, ಡೈಪರ್‌ಗೂ ದುಡ್ಡು ಬೇಕು. ಈ ಬಟ್ಟೆ ಒಗೆಯೋ ಕೆಲಸ ಗಂಡಸು ಮಾಡಿದ್ರೆ ಆಕಾಶ ಕೆಳಗೆ ಬೀಳಲ್ಲ. ನಮ್ಮ ಊರಲ್ಲಿ ಒಬ್ಬ ಹುಡುಗ ಹೆಂಡತಿ ಮನೆಗೇ ಹೋಗಿ ಉಳಿದು ಒಗೆದ. ಆಡಿಕೊಂಡವರು ಎರಡು ದಿನ ಆಡಿಕೊಂಡರು, ಆಮೇಲೆ ಅವರ ಮನೆ ಹೆಂಗಸರೇ ಅವರ ಬಾಯಿ ಮುಚ್ಚಿಸಿದ್ರು.

ನಿದ್ದೆ. ಮಗು ಎರಡು ಮೂರು ಗಂಟೆಗೊಮ್ಮೆ ಎದೆಹಾಲು ಕೇಳುತ್ತೆ, ರಾತ್ರಿ ಹಗಲು ಅದಕ್ಕೆ ಒಂದೇ. ಇದು ಓದಿ ತಿಳಿಯೋ ವಿಷಯ ಅಲ್ಲ. ನೆಂಟರಲ್ಲಿ ಯಾರಾದ್ರೂ ಬಾಣಂತಿ ಇದ್ದೇ ಇರ್ತಾರೆ. ಇಬ್ಬರೂ ಹೋಗಿ ಎರಡು ಮೂರು ರಾತ್ರಿ ಇರಿ. ತೊಟ್ಟಿಲು ತೂಗಿ ಫೋಟೋ ತೆಗೆದುಕೊಂಡು ಬರೋಕಲ್ಲ. ಹಾಲು ಕುಡಿದ ಮಗುವನ್ನ ಹೆಗಲ ಮೇಲೆ ಹಾಕಿ ತೇಗು ಬರೋವರೆಗೆ ಓಡಾಡಿ, ಹೇಲು ತೊಳೀರಿ, ಸುಮ್ಮಸುಮ್ಮನೆ ಒಂದು ಗಂಟೆ ಅಳೋದನ್ನ ಕೇಳಿ. ಮೂರನೇ ರಾತ್ರಿ ನಿಮಗೆ ಸಿಟ್ಟು ಬರುತ್ತೆ. ಬರಲಿ. ಆ ಸಿಟ್ಟಲ್ಲಿ ನಿಮ್ಮಿಬ್ಬರ ಮಾತು ಹೇಗಿರುತ್ತೆ ಅಂತ ನೋಡಿಕೊಳ್ಳೋಕೇ ಹೋಗಿರೋದು.

ಹೆರಿಗೆ ಆದ ಮೇಲೆ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೇ ದಿನ ಆಶಾ ಮನೆಗೆ ಬರಬೇಕು ಅಂತಿದೆ. ತೂಕ ಹಾಕ್ತೀವಿ, ಹೊಕ್ಕುಳು ನೋಡ್ತೀವಿ, ಜ್ವರ ನೋಡ್ತೀವಿ. ಈ ಭೇಟೀಲಿ ನಾನು ಮಗುವಿಗಿಂತ ಮೊದಲು ತಾಯಿ ಮುಖ ನೋಡ್ತೀನಿ. ಮೊದಲ ವಾರ ಕಾರಣ ಇಲ್ಲದೆ ಅಳು ಬರೋದು ಸಾಮಾನ್ಯ. ಎರಡು ವಾರ ದಾಟಿದ್ರೂ ಮಗು ಕಡೆ ನೋಡೋಕೆ ಮನಸ್ಸಿಲ್ಲ, ಊಟ ಸೇರಲ್ಲ, ಮಗು ಮಲಗಿದ್ರೂ ತನಗೆ ನಿದ್ದೆ ಹತ್ತಲ್ಲ ಅಂದ್ರೆ ಅದು ಸೋಕು ಅಲ್ಲ, ದೃಷ್ಟಿ ಅಲ್ಲ, ಕಾಯಿಲೆ. ಅದಕ್ಕೆ ಮದ್ದಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಮೊದಲೇ ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ತಿರೋರು ಬಸುರಾಗೋ ಮುಂಚೆಯೇ ಆ ಡಾಕ್ಟ್ರ ಹತ್ರ ಮಾತಾಡಬೇಕು, ತಾವಾಗೇ ನಿಲ್ಲಿಸಬಾರದು.

ಗಂಡ ಬೆಂಗಳೂರಲ್ಲಿ, ಶನಿವಾರ ರಾತ್ರಿ ಬಸ್ಸಿಗೆ ಬಂದು ಭಾನುವಾರ ರಾತ್ರಿ ಬಸ್ಸಿಗೆ ವಾಪಸ್. ಈಗ ನಮ್ಮ ಕಡೆ ಅರ್ಧ ಮನೆ ಹೀಗೇ. ಇಂಥವರಿಗೆ ಮಗು ಬೇಡ ಅನ್ನಲ್ಲ, ಆದ್ರೆ ಮೊದಲ ಆರು ತಿಂಗಳು ಯಾರು ಎಲ್ಲಿರ್ತಾರೆ ಅಂತ ಬಾಯಲ್ಲಿ ಬೇಡ, ಹಾಳೇಲಿ ಬರೀರಿ.

ಜೇನಿನ ಪರೀಕ್ಷೆ

ನಾನು ಗಂಡನಿಗೆ ಕೇಳೋ ಪ್ರಶ್ನೆ ಇದು. ಮಗು ಹುಟ್ಟಿದ ತಕ್ಷಣ ನಿಮ್ಮಮ್ಮ ಬೆರಳಲ್ಲಿ ಜೇನು ಅದ್ದಿ ನೆಕ್ಕಿಸೋಕೆ ಬರ್ತಾರೆ. ತೋಟದ ಪೆಟ್ಟಿಗೆಯ ಅಸಲಿ ಜೇನು, ಪ್ರೀತಿಯಿಂದಲೇ ತರ್ತಾರೆ. ಒಂದು ವರ್ಷದ ಒಳಗಿನ ಮಗುವಿಗೆ ಜೇನು ಕೊಡಬಾರದು. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೇ ಕರುಳಲ್ಲಿ ಬೆಳೆದು ವಿಷ ಬಿಡುತ್ತೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ. ಈಗ ಹೇಳು ತಮ್ಮಾ, ಅಮ್ಮನ ಕೈ ಹಿಡಿದು "ಬೇಡಮ್ಮ" ಅನ್ನೋರು ಯಾರು? ನೀನಾ, ಅವಳಾ?

ಹೆಚ್ಚಿನವರು ಹೆಂಡತಿ ಮುಖ ನೋಡ್ತಾರೆ. ಹೆತ್ತು ಒಂದು ಗಂಟೆ ಆಗಿರೋ ಸೊಸೆ ಅತ್ತೆಗೆ ಬೇಡ ಅನ್ನಬೇಕಾ?

ಇದು ಬರೀ ಜೇನಿಂದಲ್ಲ. ಗಿಣ್ಣು ಹಾಲು ಹಿಂಡಿ ಚೆಲ್ಲು ಅಂತಾರೆ. ಆ ಹಳದಿ ಹಾಲೇ ಮಗುವಿಗೆ ಮೊದಲ ರಕ್ಷೆ. ಬಾಣಂತಿ ಜಾಸ್ತಿ ನೀರು ಕುಡಿದ್ರೆ ಹೊಟ್ಟೆ ಬರುತ್ತೆ ಅಂತಾರೆ. ಹಾಲೂಡೋಳಿಗೆ ನೀರು ಬೇಕೇ ಬೇಕು. ಮೆಣಸಿನ ಸಾರು, ಬೆಳ್ಳುಳ್ಳಿ, ಬಿಸಿನೀರು, ವಿಶ್ರಾಂತಿ, ಇವಕ್ಕೆಲ್ಲ ನನ್ನ ತಕರಾರಿಲ್ಲ, ನಾನೂ ಅದೇ ತಿಂದು ಎದ್ದವಳು. ದೊಡ್ಡವರು ಹೇಳೋದರಲ್ಲಿ ಯಾವುದು ಇರಲಿ, ಯಾವುದು ಬೇಡ ಅಂತ ಇಬ್ಬರೂ ಮೊದಲೇ ಮಾತಾಡಿಕೊಂಡು, ಆಯಾ ಮನೆಯ ಮಕ್ಕಳೇ ಆಯಾ ಮನೆಯ ಹಿರಿಯರಿಗೆ ಹೇಳಬೇಕು. ಈ ಒಂದು ಪರೀಕ್ಷೇಲಿ ಪಾಸಾದ ಗಂಡಸು ಉಳಿದದ್ದರಲ್ಲೂ ಪಾಸಾಗ್ತಾನೆ ಅನ್ನೋದು ನನ್ನ ನಂಬಿಕೆ.

ಕೈದುಡ್ಡು

ತೋಟ ಇದೆ, ಅಡಿಕೆ ಇದೆ, ದುಡ್ಡಿಗೇನು ಅಂತಾರೆ. ಎಲೆಚುಕ್ಕಿ ರೋಗ ಬಂದ ಮೇಲೆ ಆ ಮಾತು ಎಷ್ಟು ಮನೇಲಿ ನಿಜವೋ ನೋಡಿ. ಇದ್ದರೂ ಅದು ಮಾವನ ಕೈಲಿ, ಮಂಡಿಯ ಲೆಕ್ಕದಲ್ಲಿ, ವರ್ಷಕ್ಕೊಂದು ಸಲ. ಗೃಹಲಕ್ಷ್ಮಿಯ 2000 ರೂಪಾಯಿ ರೇಷನ್ ಕಾರ್ಡಿನ ಯಜಮಾನಿಗೆ, ಅಂದ್ರೆ ಅತ್ತೆ ಖಾತೆಗೆ. ಶಕ್ತಿ ಯೋಜನೆ ಫ್ರೀ ಟಿಕೆಟ್ ಸರ್ಕಾರಿ ಬಸ್ಸಲ್ಲಿ ಮಾತ್ರ, ನಮ್ಮ ಎಷ್ಟೋ ರೂಟಲ್ಲಿ ಓಡೋದು ಖಾಸಗಿ ಬಸ್ಸು. ಹೀಗಾಗಿ ಸ್ಕ್ಯಾನಿಂಗ್‌ಗೆ ಹೋಗೋಕೆ ಸೊಸೆ ಅತ್ತೆ ಹತ್ರ ಕೈ ಚಾಚಬೇಕು, ಅತ್ತೆ ಮಾವನ ಹತ್ರ. "ಅಡಿಕೆ ಕೊಟ್ಟ ಮೇಲೆ ಹೋದ್ರಾಯ್ತು" ಅಂದ್ರೆ ಹದಿನೆಂಟು ಇಪ್ಪತ್ತನೇ ವಾರದ ಸ್ಕ್ಯಾನಿಂಗ್ ತಪ್ಪಿತು.

ಆದ್ದರಿಂದ ಆಸ್ತಿ ಎಷ್ಟು ಅನ್ನೋದಕ್ಕಿಂತ, ಯಾರನ್ನೂ ಕೇಳದೆ ಹೆಂಡತಿ ಎಷ್ಟು ತೆಗೀಬಹುದು ಅಂತ ನೋಡಿ. ಅವಳ ಹೆಸರಿನ ಖಾತೇಲಿ, ಅವಳ ಕೈಲಿರೋ ಎಟಿಎಂ ಕಾರ್ಡಲ್ಲಿ, ರಾತ್ರಿ ಜೀಪು ಬಾಡಿಗೆಗೂ ಒಂದು ವಾರ ಪೇಟೇಲಿ ಇದ್ದು ಬರೋದಕ್ಕೂ ಆಗುವಷ್ಟು ಇರಬೇಕು. ಅಷ್ಟು ಕೂಡಿಸೋಕೆ ಎಷ್ಟು ತಿಂಗಳು ಬೇಕೋ ಅಷ್ಟು ಕಾಯಿರಿ. ಸರ್ಕಾರಿ ಆಸ್ಪತ್ರೇಲಿ ಹೆರಿಗೆ, ಸಿಸೇರಿಯನ್ ಆದ್ರೂ, ಔಷಧಿ, ಊಟ, ರಕ್ತ ಎಲ್ಲ ಉಚಿತ. ಯಾರಾದ್ರೂ ಅದಕ್ಕೆ ದುಡ್ಡು ಕೇಳಿದ್ರೆ ಆರೋಗ್ಯ ಸಹಾಯವಾಣಿ 104ಕ್ಕೆ ದೂರು ಕೊಡಿ. ಕೇಂದ್ರ ಸರ್ಕಾರದ ಮಾತೃವಂದನಾ ಯೋಜನೇಲಿ ಮೊದಲ ಮಗುವಿಗೆ 5000 ರೂಪಾಯಿ ಬರುತ್ತೆ, ಎರಡನೇದು ಹೆಣ್ಣಾದ್ರೆ 6000. ಆದರೆ ಅದು ನಿಧಾನ. ಅದನ್ನ ನಂಬಿ ಸಾಲ ಮಾಡಬೇಡಿ. ನೌಕರಿ ಇರೋ ಹುಡುಗೀರು, ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿದ್ರೆ 26 ವಾರ ಸಂಬಳದ ರಜೆ ನಿಮ್ಮ ಹಕ್ಕು. ಕೆಲಸಕ್ಕೆ ಸೇರಿದ ಮಾರನೇ ತಿಂಗಳೇ ಬಸುರಾದರೂ ಹೆರಿಗೆ ಹೊತ್ತಿಗೆ ಆ ಲೆಕ್ಕ ತುಂಬಿರುತ್ತೆ.

ಡಿಗ್ರಿ ಅರ್ಧಕ್ಕೆ ನಿಂತಿದ್ರೆ? ಮುಗಿಸಿ. "ಮಗು ಆದ ಮೇಲೆ ಓದ್ತೀನಿ" ಅಂದೋರಲ್ಲಿ ಓದಿದವರೂ ಇದ್ದಾರೆ, ಆದರೆ ಅವರ ಬೆನ್ನ ಹಿಂದೆ ಗಟ್ಟಿಗಿತ್ತಿ ಅತ್ತೆಯೊಬ್ಬರು ಇದ್ದೇ ಇದ್ದರು.

ಮೈ

ಮನೆಯವರೆಲ್ಲ ಒಪ್ಪಿ, ತಿಂಗಳೂ ಗೊತ್ತಾದ ಮೇಲೆ ಮೂರು ತಿಂಗಳು ಮೈಗೆ ಕೊಡಿ. ಪಿಎಚ್‌ಸಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12 ಇರಬೇಕು, ಬಸುರಲ್ಲಿ 11ಕ್ಕಿಂತ ಇಳೀಬಾರದು. ನಮ್ಮ ಹುಡುಗೀರಲ್ಲಿ ಎಂಟು ಒಂಬತ್ತು ಕಂಡು ನನಗೆ ಅಭ್ಯಾಸ ಆಗಿಹೋಗಿದೆ. ಹರಿವೆ, ನುಗ್ಗೆ ಸೊಪ್ಪು, ರಾಗಿ, ಮೊಟ್ಟೆ ತಿನ್ನಿ, ಸಾರಿಗೆ ನಿಂಬೆ ಹಿಂಡಿ. ಊಟದ ಜೊತೆ, ಊಟ ಆದ ತಕ್ಷಣ ಚಾ ಬೇಡ, ಅದು ಕಬ್ಬಿಣದ ಅಂಶ ಮೈಗೆ ಹತ್ತೋಕೆ ಬಿಡಲ್ಲ. ಮಲೆನಾಡಲ್ಲಿ ಈ ಮಾತು ಯಾರೂ ಕೇಳಲ್ಲ, ಆದ್ರೂ ಹೇಳ್ತೀನಿ.

ಫೋಲಿಕ್ ಆಸಿಡ್ ಮಾತ್ರೆ, 400 ಮೈಕ್ರೋಗ್ರಾಂ, ಗರ್ಭ ನಿಲ್ಲೋಕೆ ಒಂದು ತಿಂಗಳಾದ್ರೂ ಮುಂಚೆಯೇ ಶುರು ಮಾಡಬೇಕು. ಮಗುವಿನ ಮಿದುಳು, ಬೆನ್ನುಹುರಿ ರೂಪ ತಾಳೋದು ಮೊದಲ ನಾಲ್ಕು ವಾರದಲ್ಲಿ. ಮುಟ್ಟು ನಿಂತಿದೆ ಅಂತ ನಿಮಗೆ ಗೊತ್ತಾಗೋ ಹೊತ್ತಿಗೆ ಆ ಕೆಲಸ ಬಹಳಷ್ಟು ಮುಗಿದಿರುತ್ತೆ. ರಕ್ತದ ಗುಂಪು, ಥೈರಾಯ್ಡ್, ಸಕ್ಕರೆ, ಬಿಪಿ, ಎಚ್‌ಐವಿ ಒಂದೇ ಸಲ ನೋಡಿಸಿಕೊಳ್ಳಿ. ನೆಗೆಟಿವ್ ಗುಂಪಾಗಿದ್ರೆ ಗಂಡನದ್ದೂ ನೋಡಬೇಕು, ಮುಂದೆ ಅದಕ್ಕೆ ಇಂಜೆಕ್ಷನ್ ಇದೆ. ರುಬೆಲ್ಲಾ ಲಸಿಕೆ ಆಗಿರದಿದ್ರೆ ಹಾಕಿಸಿ ಒಂದು ತಿಂಗಳು ಬಿಟ್ಟು ಪ್ರಯತ್ನಿಸಿ. ಕವಳಕ್ಕೆ ಹೊಗೆಸೊಪ್ಪು ಹಾಕೋ ಅಭ್ಯಾಸ ಹೆಂಗಸರಿಗೂ ಇದೆ, ಬಿಡಿ. ಗಂಡ ಗುಟ್ಕಾ, ಸಿಗರೇಟು, ಕುಡಿತ ಬಿಡಲಿ. ವೀರ್ಯಕ್ಕೂ ಅದು ಕೆಟ್ಟದ್ದೇ.

ಸದ್ಯಕ್ಕೆ ಬೇಡ ಅಂತಾದ್ರೆ

ಬೇಡ ಅಂತ ತೀರ್ಮಾನಿಸಿ ದೇವರ ಮೇಲೆ ಭಾರ ಹಾಕೋರು ಮೂರು ತಿಂಗಳಲ್ಲಿ ನನ್ನ ಹತ್ರ ಬರ್ತಾರೆ. ತಡೆ ಬೇಕು. ನಿರೋಧ್ ನಮ್ಮ ಹತ್ರವೇ ಸಿಗುತ್ತೆ, ಕೇಳೋಕೆ ನಾಚಿಕೆ ಆದ್ರೆ ಗಂಡ ಸಬ್ ಸೆಂಟರ್‌ಗೆ ಹೋಗಲಿ. ಛಾಯಾ ಮಾತ್ರೆ ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಅಂತರಾ ಇಂಜೆಕ್ಷನ್ ಮೂರು ತಿಂಗಳಿಗೊಮ್ಮೆ, ಮನೇಲಿ ಡಬ್ಬಿ ಅಡಗಿಸಿಡೋ ಕಷ್ಟ ಇಲ್ಲ. ಆದರೆ ನಿಲ್ಲಿಸಿದ ಮೇಲೆ ಗರ್ಭ ನಿಲ್ಲೋಕೆ ಕೊನೇ ಇಂಜೆಕ್ಷನ್‌ನಿಂದ ಏಳರಿಂದ ಹತ್ತು ತಿಂಗಳು ಆಗಬಹುದು, ಇದನ್ನ ನಿಮ್ಮ ಕ್ಯಾಲೆಂಡರ್‌ಗೆ ಸೇರಿಸಿಕೊಳ್ಳಿ. ಎರಡು ಮೂರು ವರ್ಷ ಬೇಡ ಅನ್ನೋರಿಗೆ ವಂಕಿ, ಅಂದ್ರೆ ಕಾಪರ್-ಟಿ, ವಾಸಿ. ಐದು ವರ್ಷದ್ದು, ಹತ್ತು ವರ್ಷದ್ದು ಅಂತ ಎರಡಿದೆ, ಬೇಕಾದಾಗ ತೆಗೆಸಿದ್ರೆ ಬೇಗ ಗರ್ಭ ನಿಲ್ಲುತ್ತೆ. ಮೊದಲ ಮಗು ಆಗದವರಿಗೆ ಹಾಕಲ್ಲ ಅನ್ನೋದು ಬರೀ ಮಾತು. ತಡೆ ತಪ್ಪಿದ್ರೆ 72 ಗಂಟೆಯ ಒಳಗೆ ತುರ್ತು ಮಾತ್ರೆ ಇದೆ, ಎಷ್ಟು ಬೇಗ ತಗೊಂಡ್ರೆ ಅಷ್ಟು ಒಳ್ಳೇದು. ಅದನ್ನ ತಿಂಗಳು ತಿಂಗಳು ನುಂಗೋ ಅಭ್ಯಾಸ ಬೇಡ.

"ವಿಶೇಷ ಇಲ್ವಾ" ಅಂತ ಕೇಳಿದವರಿಗೆ? ಗಂಡ ಉತ್ತರ ಕೊಡಲಿ. "ನಾವಿಬ್ಬರೂ ಮಾತಾಡಿಕೊಂಡಿದ್ದೀವಿ ಅತ್ತೆ, ಇನ್ನೆರಡು ಕೊಯ್ಲು ಆಗಲಿ" ಅಂದ್ರೆ ಯಾರೂ ಮರುಮಾತಾಡಲ್ಲ.

ಆಗಲೇ ತಿಂಗಳು ನಿಂತಿದ್ರೆ

ಮುಟ್ಟು ಒಂದು ವಾರ ಮೀರಿದ್ರೆ ಪರೀಕ್ಷೆ ಮಾಡಿಕೊಳ್ಳಿ, ನಮ್ಮ ಹತ್ರ ಕಿಟ್ ಇರುತ್ತೆ. ಬಂದ ಮಗುವನ್ನ ಉಳಿಸಿಕೊಳ್ಳೋದಾದ್ರೆ ಮೇಲಿನ ಪ್ರಶ್ನೆಗಳನ್ನೇ ಕೇಳಿಕೊಳ್ಳಿ, ಉತ್ತರ ಹೊಂದಿಸೋಕೆ ಇನ್ನೂ ಎಂಟು ತಿಂಗಳಿದೆ. ಬೇಡ ಅಂತ ಗಟ್ಟಿ ತೀರ್ಮಾನ ಇದ್ರೆ ಗರ್ಭಪಾತ ಕಾನೂನಲ್ಲಿದೆ. 20 ವಾರದವರೆಗೆ ಒಬ್ಬ ಡಾಕ್ಟರ ಒಪ್ಪಿಗೆ ಸಾಕು. 18 ತುಂಬಿದ ಹೆಣ್ಣಿಗೆ ಗಂಡನ ಸಹಿ ಬೇಕಿಲ್ಲ, ಮದುವೆ ಆಗಿರದಿದ್ರೂ ಹಕ್ಕಿದೆ, ಹೆಸರನ್ನ ಗುಟ್ಟಾಗಿಡಬೇಕು. ಮೆಡಿಕಲ್ ಶಾಪಲ್ಲಿ ಕಿಟ್ ತಂದು ಮನೇಲಿ ನುಂಗಿ, ರಕ್ತ ನಿಲ್ಲದೆ ಆಸ್ಪತ್ರೆ ಸೇರಿದವರಿದ್ದಾರೆ, ಅದೊಂದು ಮಾಡಬೇಡಿ. 18 ತುಂಬದ ಹುಡುಗಿಯಾದ್ರೆ ಮುಚ್ಚಿಟ್ಟು ದಿನ ತಳ್ಳಬೇಡಿ, ನಂಬಿಕೆಯ ದೊಡ್ಡವರೊಬ್ಬರ ಜೊತೆ ಆಸ್ಪತ್ರೆಗೆ ಬನ್ನಿ, ಯಾರೂ ಇಲ್ಲದಿದ್ರೆ ಮಕ್ಕಳ ಸಹಾಯವಾಣಿ 1098 ಇದೆ. ಗಂಡೋ ಹೆಣ್ಣೋ ನೋಡಿ ಆಮೇಲೆ ತೀರ್ಮಾನಿಸ್ತೀವಿ ಅನ್ನೋರು ನನ್ನ ಜಗಲಿ ಹತ್ತೋದು ಬೇಡ. ಅದು ಅಪರಾಧ.

ಇಟ್ಕೊಳ್ಳೋದಾದ್ರೆ ಮೂರು ತಿಂಗಳೊಳಗೆ ತಾಯಿ ಕಾರ್ಡ್ ಮಾಡಿಸಿ. "ಮೂರು ತುಂಬೋವರೆಗೆ ಯಾರಿಗೂ ಹೇಳಬಾರದು" ಅನ್ನೋ ಶಾಸ್ತ್ರ ನೆಂಟರಿಗಿರಲಿ, ಆಶಾಗೆ ಬೇಡ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೇಲಿ ಗರ್ಭಿಣಿಯರ ತಪಾಸಣೆ ದಿನ, ಆವತ್ತು ಡಾಕ್ಟ್ರೇ ನೋಡ್ತಾರೆ, ಬೆಳಿಗ್ಗೆ ಬೇಗ ಬನ್ನಿ. ಬರೋವಾಗ ಇಬ್ಬರ ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್ ತನ್ನಿ. ಮದುವೆ ಆದ ಮೇಲೆ ಆಧಾರ್‌ನಲ್ಲಿ ಹೆಸರು ಬದಲಾಯಿಸಿ ಪಾಸ್‌ಬುಕ್‌ನಲ್ಲಿ ಹಳೇದೇ ಬಿಟ್ಟಿದ್ರೆ ಮಾತೃವಂದನಾ ದುಡ್ಡು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಎರಡರಲ್ಲೂ ಒಂದೇ ಹೆಸರು, ಇನಿಷಿಯಲ್ ಕೂಡ ಒಂದೇ ಥರ ಇದೆಯಾ ಅಂತ ಇವತ್ತೇ ತೆಗೆದು ನೋಡಿ.